ಜೀನ್ ಥೆರಪಿ ಕಂಪನಿ ಬಾಗಿಲು ಹಾಕಿದ ಮೇಲೆ ರಕ್ತಪರೀಕ್ಷೆ ಮಾಡಿಸುವವರು ಯಾರು? ಕೇರಳದ ಆರೋಗ್ಯ ಸಚಿವರಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇವೆ. ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳಿದೆ. ಅನುವಾದದ ಕಷ್ಟ ಏನಿದ್ದರೂ ಸೆಕ್ರೆಟರಿಯೇಟಿಗೆ ಇರಲಿ, ರೋಗಿಯ ತಲೆಗೆ ಬೀಳುವುದು ಬೇಡ. ಈ ಮಾತು ಯಾಕೆ ಬಂತೆಂಬುದು ಮುಂದೆ ಒಪ್ಪಿಗೆ ಪತ್ರದ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ನಮ್ಮ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಹಿಮೋಫಿಲಿಯಾಕ್ಕಾಗಲಿ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ಥಲಸ್ಸೇಮಿಯಾಕ್ಕಾಗಲಿ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ), ಯಾವುದೇ ಕಂಪನಿಯ ಜೀನ್ ಥೆರಪಿ, ಅಂದರೆ ಕೆಟ್ಟ ಜೀನಿನ ಕೆಲಸಕ್ಕೆ ಸರಿಯಾದ ಜೀನ್ ಸೇರಿಸುವ ಚಿಕಿತ್ಸೆಯ ಪ್ರಯೋಗದಲ್ಲಿ ಈ ಜಿಲ್ಲೆಯ ಒಬ್ಬರಿಗೆ ಮದ್ದು ಏರಿಸುವ ಮೊದಲು, ಮುಂದಿನ 15 ವರ್ಷಗಳ ತಪಾಸಣೆಗೆ ಬೇಕಾದ ದುಡ್ಡು ಆ ಕಂಪನಿಯ ಕೈಯಿಂದ ಹೊರಗೆ ಬಂದು ಬೇರೆ ಖಾತೆಯಲ್ಲಿ ಕೂತಿರಬೇಕು. ಆ ತಪಾಸಣೆ ಕಾಸರಗೋಡಿನಲ್ಲೇ ಆಗುವಂತಿರಬೇಕು. ಇವೆರಡೂ ಆಗದಿದ್ದರೆ ಪ್ರಯೋಗಕ್ಕೆ ನಮ್ಮ ರೋಗಿಗಳನ್ನು ಕಳುಹಿಸುವುದು ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಇದು ವಿಜ್ಞಾನದ ಮೇಲಿನ ಸಂಶಯವಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ತೀವ್ರ ಹಿಮೋಫಿಲಿಯಾ 'ಎ' ಇದ್ದ ಐವರಿಗೆ ಲೆಂಟಿವೈರಸ್ ಎಂಬ ವಾಹಕ ವೈರಸ್ಸಿನ ಮೂಲಕ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫ್ಯಾಕ್ಟರ್ 8ರ ಜೀನ್ ಸೇರಿಸಿದ ವರದಿ 2024ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ರೋಗಿಯ ಸ್ವಂತ ರಕ್ತದಿಂದ ಕಾಂಡಕೋಶಗಳನ್ನು ಬೇರ್ಪಡಿಸಿ, ಲ್ಯಾಬಿನಲ್ಲಿ ಜೀನ್ ಸೇರಿಸಿ, ಕೀಮೋಥೆರಪಿಯಿಂದ ಮಜ್ಜೆಯಲ್ಲಿ ಜಾಗ ಮಾಡಿ, ಅವನ್ನೇ ಮರಳಿ ಏರಿಸುವ ವಿಧಾನ ಅದು. ಇಬ್ಬರಿಗೆ ಬರೀ ವೆಕ್ಟರ್ (ಜೀನ್ ಹೊತ್ತೊಯ್ಯುವ ವೈರಸ್), ಮೂವರಿಗೆ ಜೀನ್ ಒಳಹೋಗಲು ನೆರವಾಗುವ ಇನ್ನೊಂದು ರಾಸಾಯನಿಕವೂ ಸೇರಿತ್ತು. ಮೂವರ ಗುಂಪಿನಲ್ಲಿ ಫ್ಯಾಕ್ಟರ್ ಮಟ್ಟ ಹೆಚ್ಚು ಬಂತು. ವರದಿಯಾದ ಅವಧಿಯಲ್ಲಿ ಐವರಿಗೂ ರಕ್ತಸ್ರಾವ ಆಗಲಿಲ್ಲ. ವಾರಕ್ಕೆರಡು ಮೂರು ಸಲ ಫ್ಯಾಕ್ಟರ್ ಹಾಕಿಸಿಕೊಂಡರೂ ಮೊಣಕಾಲು ಊದುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಐವರ ನಿಗಾ ಅವಧಿಯನ್ನೂ ಕೂಡಿಸಿದರೆ 81 ತಿಂಗಳು. ತಲಾ ಹದಿನಾರು ತಿಂಗಳಾಯಿತು. ಲೆಂಟಿವೈರಸ್ ರೋಗಿಯ ಡಿಎನ್ಎಯೊಳಗೇ ಹೋಗಿ ಕೂರುತ್ತದೆ. ತಪ್ಪು ಜಾಗದಲ್ಲಿ ಕೂತರೆ ವರ್ಷಗಳ ಮೇಲೆ ರಕ್ತದ ಕ್ಯಾನ್ಸರ್ ಆಗುವ ಅಪಾಯವಿದೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಗದರ್ಶಿಯಲ್ಲಿ ಇಂಥ ವೆಕ್ಟರುಗಳಿಗೆ 15 ವರ್ಷಗಳವರೆಗೆ ನಿಗಾ ಇಡಲು ಹೇಳಿದೆ. 180 ತಿಂಗಳಲ್ಲಿ ಹದಿನಾರು ಮುಗಿದಿವೆ, ಅಷ್ಟೇ. ಅಡಿಕೆಗೆ ಒಮ್ಮೆ ಮದ್ದು ಬಿಟ್ಟು ಮಳೆಗಾಲವಿಡೀ ತೋಟದ ಕಡೆ ತಲೆ ಹಾಕದ ಕೃಷಿಕ ನಮ್ಮಲ್ಲಿಲ್ಲ. ಆದರೆ 'ಒಂದೇ ಸಲದ ಚಿಕಿತ್ಸೆ' ಎಂಬ ಮಾತು ಕೇಳಿದ ಕೂಡಲೇ ಆಸ್ಪತ್ರೆ, ಕಂಪನಿ, ಸರಕಾರ ಎಲ್ಲರೂ ಹಾಗೆಯೇ ಯೋಚಿಸತೊಡಗುತ್ತಾರೆ.

ಹದಿನೈದು ವರ್ಷ ಬದುಕುವ ಕಂಪನಿಗಳು ಎಷ್ಟಿವೆ? ಬ್ಲೂಬರ್ಡ್ ಬಯೋ ಎಂಬ ಅಮೆರಿಕದ ಕಂಪನಿಯ ಕತೆಯನ್ನು ನಿಮ್ಮ ಇಲಾಖೆಯ ಅಧಿಕಾರಿಗಳು ಒಮ್ಮೆ ಕೂತು ಓದಬೇಕು. ಬೀಟಾ ಥಲಸ್ಸೇಮಿಯಾಕ್ಕೆ ಅದು ಮಾಡಿದ ಜಿಂಟೆಗ್ಲೋಗೆ ಯುರೋಪಿನಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಬೆಲೆ 15.75 ಲಕ್ಷ ಯೂರೋ, ವರ್ಷಕ್ಕೆ 3.15 ಲಕ್ಷದಂತೆ ಐದು ಕಂತು. ಜರ್ಮನಿ ಆ ಬೆಲೆಗೆ ಒಪ್ಪಲಿಲ್ಲ. 2021ರಲ್ಲಿ ಕಂಪನಿ ಜರ್ಮನಿ ಬಿಟ್ಟಿತು, ಅದೇ ವರ್ಷ ಯುರೋಪನ್ನೇ ಬಿಟ್ಟಿತು. ಮದ್ದು ಕೆಲಸ ಮಾಡುತ್ತಿತ್ತು, ಕಾಯಿಲೆಯವರು ಕಾಯುತ್ತಿದ್ದರು, ಮಾರುವವರು ಮಾತ್ರ ಇರಲಿಲ್ಲ.

2022 ಇನ್ನೂ ವಿಚಿತ್ರ. ವರ್ಷದ ಮೊದಲಲ್ಲಿ, ಮುಂದಿನ ಹನ್ನೆರಡು ತಿಂಗಳು ನಡೆಸಲು ದುಡ್ಡು ಸಾಲುತ್ತದೆಯೇ ಎಂಬ ಸಂಶಯವನ್ನು ಕಂಪನಿ ತನ್ನ ವರದಿಯಲ್ಲೇ ಬರೆದುಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ ಜಿಂಟೆಗ್ಲೋಗೆ, ಸೆಪ್ಟೆಂಬರಿನಲ್ಲಿ ಮಕ್ಕಳ ಮಿದುಳಿನ ಅಪರೂಪದ ಕಾಯಿಲೆಯೊಂದಕ್ಕೆ ಅದು ಮಾಡಿದ ಸ್ಕೈಸೋನಾಕ್ಕೆ ಅಮೆರಿಕದಲ್ಲಿ ಅನುಮತಿ ಬಂತು. ಜಿಂಟೆಗ್ಲೋಗೆ 28 ಲಕ್ಷ ಡಾಲರ್, ಸ್ಕೈಸೋನಾಕ್ಕೆ 30 ಲಕ್ಷ ಡಾಲರ್. ಎರಡು ಅನುಮತಿ ಸಿಕ್ಕ ಕಂಪನಿ ನೆಮ್ಮದಿಯಾಗಿರಬೇಕಿತ್ತಲ್ಲ? ಮಕ್ಕಳ ಅಪರೂಪದ ಕಾಯಿಲೆಗೆ ಮದ್ದು ಮಾಡಿದವರಿಗೆ ಎಫ್‌ಡಿಎ ಕೊಡುವ 'ಆದ್ಯತೆಯ ಚೀಟಿ' (ಮುಂದೊಂದು ಮದ್ದಿನ ಅರ್ಜಿಯನ್ನು ಬೇಗ ನೋಡಿಸುವ ಹಕ್ಕು) ಎರಡನ್ನು ಬೇರೆ ಕಂಪನಿಗಳಿಗೆ 10.2 ಕೋಟಿ ಮತ್ತು 9.5 ಕೋಟಿ ಡಾಲರಿಗೆ ಮಾರಿ ಅದು ಉಸಿರು ಹಿಡಿದುಕೊಂಡಿತು. 2023ರ ಡಿಸೆಂಬರಿನಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಅದೇ ಕಂಪನಿಯ ಲಿಫ್ಜೀನಿಯಾ ಒಪ್ಪಿಗೆಯಾದಾಗ ಮೂರನೆಯ ಚೀಟಿ ಸಿಗಲಿಲ್ಲ. ಅನುಮತಿ ಸಿಕ್ಕ ದಿನವೇ ಷೇರು ಬಿತ್ತು. ಒಂದು ಕಾಲಕ್ಕೆ ಸಾವಿರ ಕೋಟಿ ಡಾಲರಿನ ಆಸುಪಾಸು ಬೆಲೆಯಿದ್ದ ಕಂಪನಿಯನ್ನು 2025ರಲ್ಲಿ ಎರಡು ಹೂಡಿಕೆ ಸಂಸ್ಥೆಗಳು ಸುಮಾರು ಮೂರು ಕೋಟಿ ಡಾಲರ್ ಮುಂಗಡಕ್ಕೆ ಕೊಂಡುಕೊಂಡವು.

ಈ ನಡುವೆ ಸ್ಕೈಸೋನಾ ಪಡೆದ 67 ಮಕ್ಕಳಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡದ್ದು 2024ರಲ್ಲಿ ಪ್ರಕಟವಾಯಿತು. ಅದು ಗೊತ್ತಾದದ್ದು ವರ್ಷಗಟ್ಟಲೆ ರಕ್ತ ನೋಡುತ್ತಾ ಬಂದದ್ದರಿಂದ. ಕಂಪನಿಗೆ ಸಂಬಳ ಕೊಡಲು ದುಡ್ಡಿಲ್ಲದ ಹೊತ್ತಿನಲ್ಲೂ ನೋಡಲೇಬೇಕಾದ ರಕ್ತ ಅದು.

ದುಡ್ಡು ಯಾಕೆ ಸಾಲುವುದಿಲ್ಲ ಎಂಬುದಕ್ಕೆ ದುರಾಸೆ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಕಾಂಡಕೋಶದ ಚಿಕಿತ್ಸೆಯಲ್ಲಿ ಪ್ರತಿ ರೋಗಿಗೂ ಬೇರೆ ಬೇರೆ ಬ್ಯಾಚು. ಒಬ್ಬರ ಬ್ಯಾಚು ಕೆಟ್ಟರೆ ಇನ್ನೊಬ್ಬರದ್ದನ್ನು ಕೊಡಲಾಗದು, ಮೊದಲಿನಿಂದ ಕೋಶ ತೆಗೆಯಬೇಕು. ಕೋಶ ತೆಗೆದ ದಿನದಿಂದ ಮರಳಿ ಏರಿಸುವವರೆಗೆ ತಿಂಗಳುಗಳು ಹೋಗುತ್ತವೆ. ಅಷ್ಟೂ ದಿನ ಖರ್ಚು ಕಂಪನಿಯದ್ದು, ಬಿಲ್ಲು ಬರುವುದು ಏರಿಸಿದ ಮೇಲೆ. ಒಮ್ಮೆ ಗುಣವಾದವರು ಮತ್ತೆ ಗಿರಾಕಿಯಾಗಿ ಬರುವುದೂ ಇಲ್ಲ. ಹಿಮೋಫಿಲಿಯಾ 'ಎ'ಯಲ್ಲಂತೂ ಎಮಿಸಿಜುಮಾಬ್ ಎಂಬ ಮದ್ದು ಬಂದ ಮೇಲೆ, ಚರ್ಮದಡಿಗೆ ಒಂದು ಚುಚ್ಚುಮದ್ದಿನಲ್ಲಿ ವಾರ, ಎರಡು ವಾರ, ನಾಲ್ಕು ವಾರ ಕಳೆಯುತ್ತದೆ. ಆರಾಮವಾಗಿರುವವರು ಜೀನ್ ಥೆರಪಿಗೆ ಯಾಕೆ ಮುಂದೆ ಬರಬೇಕು? ಫ್ಯಾಕ್ಟರ್ 9ರ ಕೊರತೆಯಾದ ಹಿಮೋಫಿಲಿಯಾ 'ಬಿ'ಗೆ ಎಮಿಸಿಜುಮಾಬ್ ಆಗುವುದಿಲ್ಲ. ಅಲ್ಲಿಯೂ ವ್ಯಾಪಾರ ಕುದುರಲಿಲ್ಲ. ಫೈಜರ್ ತನ್ನ ಜೀನ್ ಥೆರಪಿ ಬೆಕ್ವೆಜ್ ಅನ್ನು ಅಮೆರಿಕದ ಅನುಮತಿ ಸಿಕ್ಕಿ ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಬಯೋಮರಿನ್ ಕಂಪನಿ ಹಿಮೋಫಿಲಿಯಾ 'ಎ'ಗೆ ಮಾಡಿದ 29 ಲಕ್ಷ ಡಾಲರಿನ ರಾಕ್ಟೇವಿಯನ್ ಮಾರಾಟವನ್ನು 2024ರಲ್ಲಿ ಮೂರೇ ದೇಶಗಳಿಗೆ ಇಳಿಸಿ, 2025ರಲ್ಲಿ ಅದನ್ನು ಬೇರೆಯವರಿಗೆ ದಾಟಿಸುವುದಾಗಿ ಹೇಳಿತು. ಯುರೋಪಿನ ಮೊದಲ ಜೀನ್ ಥೆರಪಿ ಗ್ಲೈಬೆರಾ 2012ರಲ್ಲಿ ಬಂದು 2017ರಲ್ಲಿ ಹೋಯಿತು. ದೊಡ್ಡ ಕಂಪನಿ, ಸಣ್ಣ ಕಂಪನಿ ಎಂಬ ಭೇದವಿಲ್ಲ.

ನಮ್ಮ ದೇಶದ ಕಂಪನಿಗಳ ಗತಿ ಬೇರೆಯಾಗಬಹುದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಿಂದ ಹುಟ್ಟಿದ, ರಕ್ತದ ಕ್ಯಾನ್ಸರಿಗೆ ಜೀನ್ ಬದಲಿಸಿದ ಕೋಶ ಕೊಡುವ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು, ವಿದೇಶದ ಬೆಲೆಯ ಸಣ್ಣ ಪಾಲಿಗೆ ಸಿಗುತ್ತಿದೆ. ಸಂತೋಷದ ವಿಷಯವೇ. ಅಗ್ಗವಾಗಿ ಮಾಡುವ ಕಂಪನಿಯ ಕೈಯಲ್ಲಿ ಹದಿನೈದು ವರ್ಷದ ಗಂಟು ಇರುವುದು ಇನ್ನೂ ಕಷ್ಟ ಎಂಬುದನ್ನು ಮಾತ್ರ ಮರೆಯಬಾರದು.

ಕಂಪನಿ ಹೋದರೆ ಇನ್ನೊಂದು ಕಂಪನಿಯ ಮದ್ದು ತೆಗೆದುಕೊಂಡರಾಯಿತು ಎನ್ನುವಂತಿಲ್ಲ. ರಾಕ್ಟೇವಿಯನ್‌ನಂಥವು ಎಎವಿ ಎಂಬ ನಿರುಪದ್ರವಿ ವೈರಸ್ಸಿನ ಚಿಪ್ಪಿನೊಳಗೆ ಜೀನ್ ಇಟ್ಟು ಯಕೃತ್ತಿಗೆ ಕಳುಹಿಸುತ್ತವೆ. ಅದರ ಪ್ರಮಾಣ ಕೆಜಿಗೆ 3 ಮಿಲಿಲೀಟರ್. 60 ಕೆಜಿಯವರಿಗೆ 180 ಮಿ.ಲೀ., ಬಾಟಲಿಗೆ 8 ಮಿ.ಲೀ. ಅಂದರೆ 23 ಬಾಟಲಿ. ನಿಮಿಷಕ್ಕೆ 1 ಮಿ.ಲೀ.ನಿಂದ ಶುರುಮಾಡಿ ಅರ್ಧ ಗಂಟೆಗೊಮ್ಮೆ ಒಂದೊಂದು ಏರಿಸಿದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆ ಒಂದೂವರೆ ಗಂಟೆಯಲ್ಲಿ ದೇಹಕ್ಕೆ ಹೋದ ವೆಕ್ಟರ್ ಕಣಗಳ ಸಂಖ್ಯೆ 36ರ ಮುಂದೆ 14 ಸೊನ್ನೆ. ಇಷ್ಟು ವೈರಸ್ ಕಂಡ ದೇಹ ಅದರ ವಿರುದ್ಧ ಆ್ಯಂಟಿಬಾಡಿಗಳನ್ನು ರಾಶಿ ಹಾಕುತ್ತದೆ. ಆಮೇಲೆ ಅದೇ ಬಗೆಯ ವೆಕ್ಟರನ್ನು ಎರಡನೆಯ ಸಲ ಕೊಡಲು ಇವತ್ತಿನ ಮಟ್ಟಿಗೆ ದಾರಿಯಿಲ್ಲ, ಹತ್ತಿರದ ಬಗೆಯವುಗಳೂ ಹೆಚ್ಚಾಗಿ ನಡೆಯುವುದಿಲ್ಲ. ಪ್ರಯೋಗದ ಆರಂಭದಲ್ಲಿ ಸುರಕ್ಷತೆ ನೋಡಲೆಂದು ಕಡಿಮೆ ಡೋಸ್ ಪಡೆದವರ ಪಾಡು ಎಲ್ಲಕ್ಕಿಂತ ಕಷ್ಟ. ಅವರಿಗೆ ಪ್ರಯೋಜನವೂ ಅಷ್ಟಕ್ಕಷ್ಟೆ, ಮುಂದಿನ ಬಾಗಿಲೂ ಮುಚ್ಚಿತು. ಇದನ್ನು ಒಪ್ಪಿಗೆ ಪತ್ರದ ಹದಿನೇಳನೆಯ ಪುಟದಲ್ಲಿ ಅಲ್ಲ, ಮೊದಲ ಪುಟದಲ್ಲಿ ಬರೆಯಬೇಕು.

ಇನ್ನು ತಪಾಸಣೆ ಎಂದರೇನು ಎಂದು ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಕಡತದಲ್ಲಿ ಅದು 'ಫಾಲೋ ಅಪ್' ಎಂಬ ಒಂದೇ ಪದ. ಮೊದಲ 26 ವಾರ ವಾರಕ್ಕೊಮ್ಮೆ ರಕ್ತ. ಮುಂದಿನ 26 ವಾರ ಎರಡು ವಾರಕ್ಕೊಮ್ಮೆ ಎಂದು ಹಿಡಿದರೆ 13. ಎರಡನೆಯ ವರ್ಷ ಮೂರು ತಿಂಗಳಿಗೊಮ್ಮೆ, 4. ಆಮೇಲೆ 13 ವರ್ಷ ವರ್ಷಕ್ಕೆರಡು ಸಲ, 26. ಒಟ್ಟು 69. ಎಎವಿಗೆ ಎಫ್‌ಡಿಎ ಕೇಳುವುದು 5 ವರ್ಷಗಳವರೆಗೆ. ಆದರೆ ರಾಕ್ಟೇವಿಯನ್ ಪಡೆದವರಲ್ಲಿ ಫ್ಯಾಕ್ಟರ್ 8ರ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿದದ್ದು ಕಂಡ ಮೇಲೆ ಐದಕ್ಕೆ ನಿಲ್ಲಿಸುವ ಧೈರ್ಯ ನಮಗಿಲ್ಲ. ಮಂಗಳೂರು–ಚೆನ್ನೈ ಮೇಲ್ ಕಾಸರಗೋಡಿನಿಂದ ಹೊರಟು ಕಾಟ್ಪಾಡಿಯಲ್ಲಿ ನಿಲ್ಲುತ್ತದೆ, ವೆಲ್ಲೂರಿಗೆ ಹೋಗಿ ಮದ್ದು ಏರಿಸಿಕೊಂಡು ಬರಬಹುದು. 69 ಸಲ ಹೋಗಿಬರಲಾಗುವುದಿಲ್ಲ. ತಿರುವನಂತಪುರಕ್ಕೂ ಆಗುವುದಿಲ್ಲ. 50 ಕಿ.ಮೀ. ದೂರದ ಮಂಗಳೂರಿಗೆ ಹೋಗಬಹುದು, ಆದರೆ ರಾಜ್ಯ ಬೇರೆ, ಯೋಜನೆಯ ಕಾರ್ಡು ಬೇರೆ. 2020ರ ಮಾರ್ಚಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ವಾರಕ್ಕೊಮ್ಮೆ ನೋಡಲೇಬೇಕಾದ ರಕ್ತವನ್ನು ಗಡಿಯಾಚೆ ಇಟ್ಟು ಪ್ರಯೋಗ ನಡೆಸುವುದು ಸರಿಯಲ್ಲ.

ವಾರವಾರದ ರಕ್ತದಲ್ಲಿ ನೋಡುವುದು ಮುಖ್ಯವಾಗಿ ಎರಡು. ಒಂದು ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ, ನಮ್ಮ ಲ್ಯಾಬ್ ಚೀಟಿಗಳಲ್ಲಿ ಎಸ್‌ಜಿಪಿಟಿ. ಜೀನ್ ಹೊತ್ತ ಯಕೃತ್ತಿನ ಕೋಶಗಳ ಮೇಲೆ ದೇಹವೇ ದಾಳಿ ಮಾಡಿದರೆ ಇದು ಏರುತ್ತದೆ. ಆ ಕೋಶಗಳು ಸತ್ತರೆ ಫ್ಯಾಕ್ಟರೂ ಹೋಯಿತು. ಮೊದಲಿನ ಮಟ್ಟಕ್ಕಿಂತ ಒಂದೂವರೆ ಪಟ್ಟು ಆದ ಕೂಡಲೇ ಆ ದಾಳಿ ತಗ್ಗಿಸಲು ಸ್ಟೆರಾಯ್ಡ್ ಬೇಕೇ ಎಂದು ನಿರ್ಧರಿಸಬೇಕು. ಎಡವುವುದು ಇಲ್ಲೇ. ಚಿಕಿತ್ಸೆಗೆ ಮೊದಲು 22 ಇದ್ದವರಿಗೆ ಈಗ 35 ಬಂದಿದೆ ಎನ್ನಿ. ಚೀಟಿಯಲ್ಲಿ ಅಚ್ಚಾದ ಮಿತಿ 40. ಕಪ್ಪಕ್ಷರವಿಲ್ಲ, ನಕ್ಷತ್ರದ ಗುರುತಿಲ್ಲ. 'ನಾರ್ಮಲ್ ಉಂಟು' ಎಂದು ಕೌಂಟರಿನಲ್ಲಿ ಹೇಳಿ ಕಳುಹಿಸುತ್ತಾರೆ. 22ರ ಒಂದೂವರೆ ಪಟ್ಟು 33. ಇವರು ಅದನ್ನು ದಾಟಿಯಾಗಿದೆ. ಒಂದು ವಾರ ಬಿಟ್ಟರೆ ಜೀನ್ ಕೈಬಿಟ್ಟಂತೆ. ಆದ್ದರಿಂದ ಪ್ರತಿ ಸಲವೂ ಅದೇ ಲ್ಯಾಬು, ಅದೇ ಯಂತ್ರ, ಚೀಟಿಯ ಮೇಲೆ ರೋಗಿಯ ಸ್ವಂತ ಮೂಲಮಟ್ಟ ಬೇಕು.

ಇದಕ್ಕೆ ನಮ್ಮ ಮಳೆಗಾಲವನ್ನು ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೆಂಗಿ, ಇಲಿಜ್ವರ, ಹೆಪಟೈಟಿಸ್ ಎ, ಮೂರೂ ಈ ಕರಾವಳಿಯಲ್ಲಿ ಇರುವವೇ, ಮೂರೂ ಎಸ್‌ಜಿಪಿಟಿ ಏರಿಸುವವೇ. ಜ್ವರ ಬಂದು ಎಸ್‌ಜಿಪಿಟಿ ಏರಿದವರಿಗೆ ಜೀನ್ ಉಳಿಸಬೇಕೆಂದು ಕಣ್ಣುಮುಚ್ಚಿ 60 ಮಿ.ಗ್ರಾಂ. ಪ್ರೆಡ್ನಿಸೋಲೋನ್ ಸ್ಟೆರಾಯ್ಡ್ ಕೊಟ್ಟರೆ, ಒಳಗಿರುವುದು ಸೋಂಕಾದರೆ ಅದಕ್ಕೆ ದಾರಿ ಬಿಟ್ಟುಕೊಟ್ಟಂತೆ. ಕೊಡದೆ ಕೂತರೆ, ಒಳಗಿರುವುದು ದೇಹದ ದಾಳಿಯಾದರೆ ಜೀನ್ ಹೋಯಿತು. ಡೆಂಗಿಯಾದರಂತೂ ಪ್ಲೇಟ್‌ಲೆಟ್ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟದವರಿಗೆ ಅದು ಎರಡು ಕಡೆಯಿಂದ ಹೊಡೆತ. ಒಂದೇ ದಿನದಲ್ಲಿ ಡೆಂಗಿ, ಇಲಿಜ್ವರ, ಹೆಪಟೈಟಿಸ್ ಮೂರರ ಪರೀಕ್ಷೆಯ ಫಲಿತಾಂಶ ಕೈಗೆ ಬರುವ ಏರ್ಪಾಡು ಇರಬೇಕು. ಸಾಧ್ಯವಿದ್ದರೆ ಮದ್ದು ಏರಿಸುವುದನ್ನು ಅಕ್ಟೋಬರ್–ನವೆಂಬರಿಗೆ ಇಟ್ಟುಕೊಳ್ಳಬೇಕು, ಮೊದಲ 26 ವಾರ ಮಳೆ ಬರುವ ಮೊದಲೇ ಮುಗಿಯುತ್ತದೆ. ಕಂಪನಿಯ ವೇಳಾಪಟ್ಟಿ ಹೂಡಿಕೆದಾರರ ತ್ರೈಮಾಸಿಕ ನೋಡಿ ಮಾಡಿದ್ದು, ಇಡವಪಾತಿ (ಜೂನಿನ ಮುಂಗಾರು) ನೋಡಿ ಅಲ್ಲ. ಇದನ್ನು ಹೇಳಬೇಕಾದವರು ನೀವು.

ಎರಡನೆಯದು ಫ್ಯಾಕ್ಟರ್ ಮಟ್ಟ. ನೀಲಿ ಮುಚ್ಚಳದ ಟ್ಯೂಬಿನಲ್ಲಿ 3.2 ಶೇಕಡಾ ಸೋಡಿಯಂ ಸಿಟ್ರೇಟ್ 0.3 ಮಿ.ಲೀ. ಇರುತ್ತದೆ, ರಕ್ತ 2.7 ಮಿ.ಲೀ. ಬೀಳಬೇಕು, ಗೆರೆಯವರೆಗೆ. ನರ ಸಿಗಲಿಲ್ಲವೆಂದು ಅರ್ಧಕ್ಕೆ ನಿಲ್ಲಿಸಿದರೆ ಸಿಟ್ರೇಟ್ ಹೆಚ್ಚಾಗಿ, ಪರೀಕ್ಷೆಯಲ್ಲಿ ಸೇರಿಸುವ ಕ್ಯಾಲ್ಸಿಯಮನ್ನೂ ಅದೇ ನುಂಗಿ, ಫ್ಯಾಕ್ಟರ್ ನಿಜಕ್ಕಿಂತ ಕಡಿಮೆ ಕಾಣುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದರೆ ಇನ್ನೂ ದೊಡ್ಡ ಗೊಂದಲ. ಅತಿ ಸಾಮಾನ್ಯ ತಪ್ಪು ಮಾತ್ರ ಒಳ್ಳೆಯ ಮನಸ್ಸಿನಿಂದಲೇ ಆಗುವಂಥದ್ದು: ಮೀನಿನ ಥರ್ಮೋಕೋಲ್ ಪೆಟ್ಟಿಗೆಗೆ ತುಂಬುವಂತೆ ಐಸ್ ತುಂಬಿ ರಕ್ತದ ಟ್ಯೂಬನ್ನು ಅದರಲ್ಲಿ ಹೂತು ಬಸ್ಸಿಗೆ ಕೊಡುವುದು. ಬೇರ್ಪಡಿಸದ ರಕ್ತವನ್ನು ಐಸಿನಲ್ಲಿಟ್ಟರೆ ಫ್ಯಾಕ್ಟರ್ 8 ಕಳೆದುಹೋಗುತ್ತದೆ. ಅದು ಸಾದಾ ತಾಪದಲ್ಲೇ ಇರಬೇಕು, ನಾಲ್ಕು ಗಂಟೆಯೊಳಗೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಬೇಕು, ಆಮೇಲೆ ಅರ್ಧರ್ಧ ಮಿ.ಲೀ. ಮಾಡಿ ಮೈನಸ್ 70ಕ್ಕಿಂತ ಕೆಳಗೆ ಇಡಬೇಕು. ಕರಗಿಸುವಾಗಲೂ 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಬೇಕು. ಫ್ರಿಜ್ಜಿನಲ್ಲಿ ನಿಧಾನಕ್ಕೆ ಬಿಟ್ಟರೆ ಫ್ಯಾಕ್ಟರ್ 8 ತಳಕ್ಕೆ ಗಷ್ಟಾಗಿ ಕೂರುತ್ತದೆ. ಗಾಳಿಮಳೆಗೆ ಕರೆಂಟು ಹೋಗಿ ಫ್ರೀಜರ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಮಾದರಿ ಮಾತ್ರ ಕೆಟ್ಟಿರುತ್ತದೆ. ಜನರೇಟರಿನಷ್ಟೇ ಮುಖ್ಯ ತಾಪ ಬರೆದಿಡುವ ಸಣ್ಣ ಯಂತ್ರ.

ಪರೀಕ್ಷೆಯ ವಿಧಾನವೂ ಹೇಳಬೇಕು. ಜೀನ್ ಥೆರಪಿಯಿಂದ ಬಂದ ಫ್ಯಾಕ್ಟರ್ 8ನ್ನು ಹೆಪ್ಪುಗಟ್ಟುವ ಸಮಯ ನೋಡುವ ಹಳೆಯ ವಿಧಾನದಲ್ಲಿ ಅಳೆದರೆ, ಬಣ್ಣದಿಂದ ಅಳೆಯುವ ಕ್ರೋಮೋಜೆನಿಕ್ ವಿಧಾನಕ್ಕಿಂತ ಸುಮಾರು 1.6 ಪಟ್ಟು ಹೆಚ್ಚು ಬರುತ್ತದೆ. ಕ್ರೋಮೋಜೆನಿಕ್‌ನಲ್ಲಿ 25 ಇದ್ದವರು ಇದರಲ್ಲಿ 40. ಎಮಿಸಿಜುಮಾಬ್ ಬಿಟ್ಟು ಆರು ತಿಂಗಳಾಗದವರಲ್ಲಿ ಹಳೆಯ ವಿಧಾನ ಪೂರ್ತಿ ಸುಳ್ಳೇ ಹೇಳಬಹುದು. ಅವರಿಗೆ ದನದ ಪ್ರೋಟೀನಿನ ರೀಏಜೆಂಟ್ ಇರುವ ಕ್ರೋಮೋಜೆನಿಕ್ ಬೇಕೇ ಬೇಕು. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದು. ಅಲ್ಲಿ ದೊಡ್ಡ ಜೀನ್ ಥೆರಪಿ ಕೇಂದ್ರ ಮಾಡಿ ಎಂದು ಕೇಳುತ್ತಿಲ್ಲ. ಒಂದು ತಂಪು ಸೆಂಟ್ರಿಫ್ಯೂಜ್, ಮೈನಸ್ 80ರ ಒಂದು ಫ್ರೀಜರ್, ಕ್ರೋಮೋಜೆನಿಕ್ ಪರೀಕ್ಷೆಯ ಕಿಟ್, ಹೆಪ್ಪುಗಟ್ಟುವ ಪರೀಕ್ಷೆಗಳಲ್ಲಿ ತರಬೇತಾದ, ವರ್ಷಕ್ಕೊಮ್ಮೆ ವರ್ಗವಾಗದ ಇಬ್ಬರು ಟೆಕ್ನೀಷಿಯನರು. ಯಾವ ಪ್ರಯೋಗವೂ ಬರದಿದ್ದರೂ ಈಗ ಫ್ಯಾಕ್ಟರ್ ಹಾಕಿಸಿಕೊಳ್ಳುತ್ತಿರುವವರಿಗೆ ಇವು ನಾಳೆಯೇ ಬೇಕು.

ಒಪ್ಪಿಗೆ ಪತ್ರಕ್ಕೆ ಬರೋಣ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಕೇರಳದ ಪ್ರಯೋಗವೆಂದರೆ ಮಲಯಾಳ ಪತ್ರ ಬರುತ್ತದೆ. ಕನ್ನಡ ಕೇಳಿದರೆ ಬೆಂಗಳೂರಿನ ಅನುವಾದ ಸಂಸ್ಥೆಯ ಕನ್ನಡ. 'ಪ್ರತಿಕೂಲ ಘಟನೆ' ಎಂದರೆ ಕುಂಬಳೆಯಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. 'ಮದ್ದಿನಿಂದ ಆದ ತೊಂದರೆ' ಎಂದರೆ ಸಾಕು. 'ಗಿಡಮೂಲಿಕೆ ಪೂರಕಗಳನ್ನು ಸೇವಿಸುತ್ತೀರಾ?' ಎಂದು ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ. ಆಟಿ ಅಮಾವಾಸ್ಯೆಗೆ ಹಾಲೆಮರದ ಕಷಾಯ ಕುಡಿದಿರಾ, ಅರಸಿನ ಕಾಮಾಲೆಗೆಂದು ನಾಟಿಮದ್ದು ಮಾಡಿದ್ದೀರಾ ಎಂದು ಕೇಳಿ, ಉತ್ತರ ಬೇರೆಯಾಗುತ್ತದೆ. ಯಕೃತ್ತಿನ ಲೆಕ್ಕದಲ್ಲಿ ಆ ಉತ್ತರ ಬೇಕು. ಎಎವಿ ಪಡೆದ ಗಂಡಸರು ಮೊದಲ ಆರು ತಿಂಗಳು ಕಾಂಡೋಮ್ ಬಳಸಬೇಕು ಎಂಬುದನ್ನು ನಾಚಿಕೆಯಿಂದ 'ಸೂಕ್ತ ಮುನ್ನೆಚ್ಚರಿಕೆ' ಎಂದು ಮುಚ್ಚಿಡುವ ಅನುವಾದವೂ ಆಗಬಾರದು. ಕಾಂಡಕೋಶದ ಚಿಕಿತ್ಸೆಯಾದರೆ ಕೀಮೋಥೆರಪಿಯಿಂದ ಮಕ್ಕಳಾಗದೆ ಹೋಗಬಹುದು, ಮೊದಲೇ ವೀರ್ಯ ಶೇಖರಿಸಿಡಬೇಕು. ಅದರ ವರ್ಷವರ್ಷದ ಬಾಡಿಗೆ ಯಾರದ್ದು ಎಂದೂ ಬರೆದಿರಬೇಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವವರಿಗೆ ಬಾಯಿಮಾತಿನಲ್ಲಿ ಹೇಳುವವರೊಬ್ಬರು ಇರಬೇಕು. 'ಗುಣವಾಗುತ್ತದೆ' ಎಂಬ ಕ್ರಿಯಾಪದವನ್ನು ಎಲ್ಲ ಭಾಷೆಗಳಲ್ಲೂ ತೆಗೆಸಿ.

ಇಲ್ಲಿಯೇ ಸಾರ್ವಜನಿಕರಿಗೂ ಒಂದು ಮಾತು. ಪ್ರಯೋಗವೆಂದರೆ ಮದ್ದಿಗೆ ದುಡ್ಡು ಕೊಡಬೇಕಾಗಿಲ್ಲ. ಯಾರಾದರೂ ಜೀನ್, ಸ್ಟೆಮ್ ಸೆಲ್ ಎಂದು ಹೇಳಿ ಪ್ರಯೋಗಕ್ಕೆ ಲಕ್ಷ ಕೇಳಿದರೆ ಎದ್ದು ಬನ್ನಿ. ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮಕ್ಕಳಿಗೆ ಇದರಿಂದ ಗುಣವಾಗುತ್ತದೆ ಎಂದು ಆಸೆ ಹುಟ್ಟಿಸುವವರನ್ನೂ ನಂಬಬೇಡಿ. ಈಗಿರುವ ಚಿಕಿತ್ಸೆಗಳು ಯಾವ ಜೀನ್ ಕೆಟ್ಟಿದೆಯೆಂದು ಗೊತ್ತಿರುವ ಕೆಲವೇ ಕಾಯಿಲೆಗಳಿಗೆ.

ಎಂಡೋಸಲ್ಫಾನ್ ಹೆಸರು ಬಂದದ್ದಕ್ಕೆ ದುಡ್ಡಿನ ವಿಷಯದಲ್ಲಿ ನಾವು ಯಾಕೆ ಇಷ್ಟು ಹಟ ಹಿಡಿಯುತ್ತೇವೆ ಎಂಬುದನ್ನೂ ಹೇಳುತ್ತೇವೆ. ಸಂತ್ರಸ್ತರಿಗೆ ತಲಾ 5 ಲಕ್ಷವನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿ 10ಕ್ಕೆ. ಕೋರ್ಟಿಗೆ ಮತ್ತೆ ಹೋದ ಎಂಟು ಮಂದಿಗೆ ಮಾತ್ರ ಕೊಟ್ಟದ್ದನ್ನು ಅದೇ ಕೋರ್ಟ್ ಆಕ್ಷೇಪಿಸಿದ್ದು 2022ರ ಮೇಯಲ್ಲಿ. ಸರ್ವೋಚ್ಚ ನ್ಯಾಯಾಲಯದ ಆದೇಶವಿದ್ದ ದುಡ್ಡಿಗೇ ಈ ಗತಿಯಾದರೆ, ಮುಚ್ಚಿಹೋದ ಕಂಪನಿಯ ಭರವಸೆಗೆ ಏನಾದೀತು?

ಆದ್ದರಿಂದ ಬ್ಯಾಂಕ್ ಗ್ಯಾರಂಟಿ ಬೇಡ. ಅದನ್ನು ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು, ಕಂಪನಿ ಬಡವಾದ ವರ್ಷವೇ ನವೀಕರಣ ನಿಲ್ಲುತ್ತದೆ. ಪ್ರಯೋಗದ ವಿಮೆ ಸಾಮಾನ್ಯವಾಗಿ ಪ್ರಯೋಗದ ಅವಧಿಗೆ ಮಾತ್ರ. ತಲಾ 69 ಭೇಟಿ, ಪ್ರತಿ ಭೇಟಿಯ ಪರೀಕ್ಷೆಗಳು, ಪ್ರಯಾಣ, ಕಳೆದ ದಿನದ ಕೂಲಿ, ಮಾದರಿ ಇಡುವ ಖರ್ಚು, ಲೆಂಟಿವೈರಸ್ ಆದರೆ ವೆಕ್ಟರ್ ಎಲ್ಲಿ ಕೂತಿದೆಯೆಂದು ನೋಡುವ ವರ್ಷಾವಧಿ ಪರೀಕ್ಷೆ, ಇವನ್ನು ಇವತ್ತಿನ ದರದಲ್ಲಿ ಗುಣಿಸಿ, ಬೆಲೆಯೇರಿಕೆ ಸೇರಿಸಿ, ಮೊದಲ ರೋಗಿಗೆ ಮದ್ದು ಏರಿಸುವ ಮೊದಲೇ ಠೇವಣಿ ಇಡಿಸಬೇಕು. ಠೇವಣಿಯ ಮೇಲೆ ಸಾಲ ಕೊಟ್ಟವರಿಗೆ ಹಕ್ಕಿಲ್ಲವೆಂದು ಒಪ್ಪಂದದಲ್ಲೇ ಬರೆಸಬೇಕು. ದಯವಿಟ್ಟು ಅದನ್ನು ಖಜಾನೆಗೆ ಹಾಕಿಸಬೇಡಿ. ಮಾರ್ಚಿನಲ್ಲಿ ಬಿಲ್ಲು ತಡೆಹಿಡಿಯುವ ಖಜಾನೆ ನಿಯಂತ್ರಣದ ಬಗ್ಗೆ ನಿಮಗೆ ನಾವು ಹೇಳಬೇಕಾಗಿಲ್ಲ. ಪ್ರಯೋಗದಲ್ಲಿ ಸಾವು ಅಥವಾ ಹಾನಿಯಾದರೆ ಪರಿಹಾರದ ಸೂತ್ರ 2019ರ ನಿಯಮಗಳಲ್ಲೇ ಇದೆ, ಸಾವಿನ ಪರಿಹಾರಕ್ಕೆ ಮೂಲ ಮೊತ್ತ 8 ಲಕ್ಷ. ಈ ಠೇವಣಿ ಅದರಿಂದ ಬೇರೆ. ಕಂಪನಿ ಹೆದರಿ ಓಡೀತು ಎಂದು ಅಧಿಕಾರಿಗಳು ಹೇಳಬಹುದು. ಹತ್ತು ರೋಗಿಗಳ ರಕ್ತಪರೀಕ್ಷೆಯ ದುಡ್ಡು ಇಡಲಾಗದ ಕಂಪನಿ ಈಗಲೇ ಓಡುವುದು ಒಳ್ಳೆಯದಲ್ಲವೇ?

ಮದ್ದಿನ ಬ್ಯಾಚ್ ಸಂಖ್ಯೆ, ಡೋಸ್, ಎಎವಿ ಬಗೆ, ಮೂಲ ಎಸ್‌ಜಿಪಿಟಿ, ಪರೀಕ್ಷೆಯ ವಿಧಾನ, ಸ್ಟೆರಾಯ್ಡ್ ಒಮ್ಮೆಲೇ ನಿಲ್ಲಿಸಬಾರದೆಂಬ ಎಚ್ಚರಿಕೆ, ಇಷ್ಟೂ ಇರುವ ಕನ್ನಡ–ಮಲಯಾಳ–ಇಂಗ್ಲಿಷ್ ಕಾರ್ಡು ರೋಗಿಯ ಕೈಯಲ್ಲಿರಬೇಕು. ರಾತ್ರಿ ಮಂಗಳೂರಿನ ಕ್ಯಾಶುವಾಲಿಟಿಗೆ ಹೋದರೆ ಅಲ್ಲಿನವರಿಗೆ ಅದೊಂದೇ ಆಧಾರ. ಕಂಪನಿ ಕೈಬದಲಾದರೆ ದತ್ತಾಂಶ ಹೊಸ ಮಾಲೀಕರ ಜೊತೆ ಹೋಗುತ್ತದೆ, ಅದರ ಪೂರ್ತಿ ಪ್ರತಿ ನಮ್ಮ ಮೆಡಿಕಲ್ ಕಾಲೇಜಿನಲ್ಲೂ ಉಳಿಯಬೇಕು.

ಕೊನೆಗೆ ಆಶಾಧಾರಾ. ಈಗ ರಾಜ್ಯ ಉಚಿತವಾಗಿ ಫ್ಯಾಕ್ಟರ್ ಕೊಡುತ್ತಿರುವುದು ಅದರಡಿ. ಜೀನ್ ಥೆರಪಿ ಪಡೆದವರ ಹೆಸರನ್ನು 'ಗುಣವಾಗಿದೆ' ಎಂದು ಆ ಪಟ್ಟಿಯಿಂದ ತೆಗೆಯಬಾರದು ಎಂದು ಒಂದು ಆದೇಶ ಹೊರಡಿಸಿ. ಆರನೆಯ ವರ್ಷ ಮಟ್ಟ ಇಳಿದು ಮೊಣಕಾಲಿಗೆ ರಕ್ತ ಬಂದ ರಾತ್ರಿ ಹೊಸದಾಗಿ ನೋಂದಣಿ, ಹೊಸದಾಗಿ ಪ್ರಮಾಣಪತ್ರ, ಹೊಸದಾಗಿ ಅನುಮತಿ ಎಂದು ಕೂರುವಂತಾಗಬಾರದು. ಕಾಸರಗೋಡು ಜನರಲ್ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಅವರ ಹೆಸರಿನ ಲೆಕ್ಕಕ್ಕೆ ಕನಿಷ್ಠ ಎರಡು ದಿನದ ಫ್ಯಾಕ್ಟರ್ ಇರಲಿ. ಸಿಟ್ರೇಟ್ ಟ್ಯೂಬು ತುಂಬುವ, ಪ್ಲಾಸ್ಮಾ ಬೇರ್ಪಡಿಸುವ ಕ್ರಮವನ್ನು ಒಂದೇ ಹಾಳೆಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದುಕೊಡಲು ನಾವು ಸಿದ್ಧ. ಅಚ್ಚು ಹಾಕಿಸಿ ಜಿಲ್ಲೆಯ ಎಲ್ಲ ಸರಕಾರಿ ಲ್ಯಾಬುಗಳ ಗೋಡೆಗೆ ಅಂಟಿಸುವ ಕೆಲಸ ಮಾತ್ರ ನಿಮ್ಮದು.

ಇತಿ,
ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ರಕ್ತದ ಕಾಯಿಲೆಯವರ ಆರೈಕೆಯಲ್ಲಿರುವ ವೈದ್ಯರು, ದಾದಿಯರು ಮತ್ತು ಲ್ಯಾಬ್ ಟೆಕ್ನೀಷಿಯನರು